ವಿಂಡೋಸ್‌ನಲ್ಲಿ ನಡೆಯುತ್ತಿದ್ದ ಫೈರ್‌ಫಾಕ್ಸ್ ಫೈಲುಗಳು ಉಬುಂಟುವಿನಲ್ಲಿ ಯಾಕೆ ಕೆಲಸ ಮಾಡುತ್ತಿಲ್ಲ?

ಪ್ರಶ್ನೆ: ನಾನು ಪುಸ್ತಕಗಳ ಕರಡು ತಿದ್ದುವ ಕೆಲಸ ಮಾಡುತ್ತೇನೆ. ದಿನವಿಡೀ ಕನ್ನಡ ಪುಟಗಳನ್ನು ಬ್ರೌಸರಿನಲ್ಲೇ ಓದಬೇಕು. ವಿಂಡೋಸ್ 10ಕ್ಕೆ ಬೆಂಬಲ ನಿಂತ ಮೇಲೆ ಮಗ ನನ್ನ ಹಳೇ ಲ್ಯಾಪ್‌ಟಾಪಿಗೆ ಉಬುಂಟು ಎಂಬ ಲಿನಕ್ಸ್ ಹಾಕಿಕೊಟ್ಟ. ಮೊದಲಿದ್ದ ಫೈರ್‌ಫಾಕ್ಸ್‌ನಲ್ಲಿ ನಾನೇ ಮೂರು ಫೈಲು ಮಾಡಿಟ್ಟುಕೊಂಡಿದ್ದೆ: ಯೂಸರ್.ಜೆಎಸ್, ಯೂಸರ್‌ಕ್ರೋಮ್.ಸಿಎಸ್ಎಸ್, ಯೂಸರ್‌ಕಂಟೆಂಟ್.ಸಿಎಸ್ಎಸ್. ಮೊದಲನೆಯದು ಸೆಟ್ಟಿಂಗುಗಳಿಗೆ, ಎರಡನೆಯದು ಬ್ರೌಸರಿನ ಹೊರನೋಟಕ್ಕೆ, ಮೂರನೆಯದು ಪುಟಗಳ ನೋಟಕ್ಕೆ. ಅದರಿಂದ ಟ್ಯಾಬಿನ ಹೆಸರು ದೊಡ್ಡದಾಗಿ ಕಾಣುತ್ತಿತ್ತು, ಕನ್ನಡ ಅಕ್ಷರವೂ ಕಣ್ಣಿಗೆ ಹಿತವಾಗಿತ್ತು. ಮೂರನ್ನೂ ಪೆನ್‌ಡ್ರೈವಿನಿಂದ ತಂದು ಹೋಮ್ ಫೋಲ್ಡರಿನ ಡಾಟ್-ಮೊಜಿಲ್ಲಾ (ಹೆಸರು ಚುಕ್ಕಿಯಿಂದ ಶುರುವಾಗುವ ಫೋಲ್ಡರ್) ಒಳಗೆ ಹಾಕಿದೆ. ಏನೂ ಬದಲಾಗಲಿಲ್ಲ, ಎರರ್ ಕೂಡ ಬರಲಿಲ್ಲ. ಇಡೀ ಹಳೇ ಪ್ರೊಫೈಲನ್ನೇ, ಅಂದರೆ ಬ್ರೌಸರ್ ನನ್ನ ಸೆಟ್ಟಿಂಗು, ಬುಕ್‌ಮಾರ್ಕುಗಳನ್ನೆಲ್ಲ ಇಡುವ ಫೋಲ್ಡರನ್ನೇ, ಕಾಪಿ ಮಾಡಲೇ? ಸ್ಕ್ರೀನ್‌ಶಾಟ್ ಜೊತೆಗಿಟ್ಟಿದ್ದೇನೆ.

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಫೈಲುಗಳು ಕೆಟ್ಟಿಲ್ಲ. ಇಡೀ ಪ್ರೊಫೈಲನ್ನು ಮಾತ್ರ ಕಾಪಿ ಮಾಡಬೇಡಿ, ಯಾಕೆ ಅಂತ ಕೊನೆಗೆ ಹೇಳುತ್ತೇನೆ. ಸ್ಕ್ರೀನ್‌ಶಾಟ್ ನೋಡಿದೆ. ಅದರಲ್ಲೇ ಎರಡು ತಪ್ಪು ಕಾಣಿಸಿತು. ಮೂರನೆಯದೊಂದು ಫೈಲಿನ ಒಳಗಿರಬೇಕು ಅಂತ ನನ್ನ ಅನುಮಾನ. ಮೂರರಲ್ಲಿ ಯಾವುದಕ್ಕೂ ಫೈರ್‌ಫಾಕ್ಸ್ ಎರರ್ ತೋರಿಸುವುದಿಲ್ಲ. ಸರಿಯಾದ ಜಾಗದಲ್ಲಿ, ಸರಿಯಾದ ಹೆಸರಿನಲ್ಲಿ ಫೈಲು ಸಿಕ್ಕರೆ ಓದುತ್ತದೆ. ಸಿಗದಿದ್ದರೆ ಅಂಥ ಫೈಲೇ ಇಲ್ಲ ಅಂದುಕೊಂಡು ಮುಂದಕ್ಕೆ ಹೋಗುತ್ತದೆ. ಹಾಗಾಗಿ ಮೂರೂ ಫೈಲನ್ನು ಒಟ್ಟಿಗೆ ಹಾಕಿ ಕಾಯುವುದು ಬೇಡ. ಒಂದೊಂದನ್ನೇ ಹಾಕಿ, ಅದು ಓದಿಸಿಕೊಂಡಿದೆ ಅಂತ ಕಣ್ಣಾರೆ ನೋಡಿ, ಆಮೇಲೆ ಮುಂದಿನದಕ್ಕೆ ಹೋಗೋಣ.

ಒಂದು ಸೂಚನೆ. ಇಲ್ಲಿ ಫೈಲು, ಸೆಟ್ಟಿಂಗುಗಳ ಹೆಸರನ್ನು ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.

ಮೊದಲ ತಪ್ಪು ಜಾಗದ್ದು. ವಿಂಡೋಸ್‌ನಲ್ಲಿ ಫೈರ್‌ಫಾಕ್ಸ್ ಪ್ರೊಫೈಲು ಆಪ್‌ಡೇಟಾ ಫೋಲ್ಡರಿನ ರೋಮಿಂಗ್ ಒಳಗೆ, ಮೊಜಿಲ್ಲಾ, ಫೈರ್‌ಫಾಕ್ಸ್, ಪ್ರೊಫೈಲ್ಸ್ ದಾಟಿ ಇರುತ್ತದೆ. ಲಿನಕ್ಸ್‌ನಲ್ಲಿ ಹೋಮ್ ಫೋಲ್ಡರಿನ ಡಾಟ್-ಮೊಜಿಲ್ಲಾ ಒಳಗೆ ಅಂತ ಬಹಳ ಕಡೆ ಓದಿರುತ್ತೀರಿ. ಅದು ಸುಳ್ಳಲ್ಲ, ಆದರೆ ನಿಮ್ಮ ಯಂತ್ರಕ್ಕೆ ಹೊಂದುವುದಿಲ್ಲ. 2022ರಲ್ಲಿ ಬಂದ ಉಬುಂಟು 22.04ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲಿ ಮಾತ್ರ ಬರುತ್ತಿದೆ, ಅಂದರೆ ಉಳಿದ ಯಂತ್ರದಿಂದ ಬೇರ್ಪಡಿಸಿ ಕಟ್ಟಿದ ಪೊಟ್ಟಣವಾಗಿ. ಸ್ನ್ಯಾಪ್ ಫೈರ್‌ಫಾಕ್ಸ್ ತನ್ನ ಪ್ರೊಫೈಲನ್ನು ಹೋಮ್ ಫೋಲ್ಡರಿನ ಸ್ನ್ಯಾಪ್, ಅದರೊಳಗೆ ಫೈರ್‌ಫಾಕ್ಸ್, ಅದರೊಳಗೆ ಕಾಮನ್, ಅದರೊಳಗಿನ ಡಾಟ್-ಮೊಜಿಲ್ಲಾ ಫೋಲ್ಡರಿನಲ್ಲಿ ಇಡುತ್ತದೆ. ನಿಮ್ಮ ಹೋಮ್ ಫೋಲ್ಡರಿನಲ್ಲಿ ಡಾಟ್-ಮೊಜಿಲ್ಲಾ ಇರಲೇ ಇಲ್ಲ, ನೀವೇ ಹೊಸದಾಗಿ ಮಾಡಿದ್ದೀರಿ, ಅಲ್ವಾ? ಸ್ಕ್ರೀನ್‌ಶಾಟಿನಲ್ಲಿ ಆ ಫೋಲ್ಡರಿನ ಒಳಗೆ ನಿಮ್ಮ ಫೈಲುಗಳನ್ನು ಬಿಟ್ಟು ಬೇರೇನೂ ಇಲ್ಲ. ಫೈರ್‌ಫಾಕ್ಸ್ ಬಳಸುವ ಫೋಲ್ಡರ್ ಹಾಗೆ ಖಾಲಿ ಇರುವುದಿಲ್ಲ. ಪ್ಲೇಸಸ್.ಎಸ್‌ಕ್ಯೂಲೈಟ್, ಪ್ರೆಫ್ಸ್.ಜೆಎಸ್, ಕೀ4.ಡಿಬಿ ಅಂತ ಹತ್ತಾರು ಫೈಲು ತುಂಬಿರುತ್ತವೆ. ಫ್ಲಾಟ್‌ಪ್ಯಾಕ್ ಎಂಬ ಇನ್ನೊಂದು ಬಗೆಯ ಪೊಟ್ಟಣದ ಮೂಲಕ ಹಾಕಿಕೊಂಡವರಿಗೆ ಜಾಗ ಮತ್ತೆ ಬೇರೆ, ಮ್ಯಾಕ್‌ನಲ್ಲಿ ಲೈಬ್ರರಿ ಫೋಲ್ಡರಿನ ಅಪ್ಲಿಕೇಶನ್ ಸಪೋರ್ಟ್ ಒಳಗೆ.

ಇಷ್ಟೆಲ್ಲ ದಾರಿಗಳನ್ನು ಬಾಯಿಪಾಠ ಮಾಡುವ ಅಗತ್ಯ ಇಲ್ಲ. ಫೈರ್‌ಫಾಕ್ಸನ್ನೇ ಕೇಳಿ. ಅಡ್ರೆಸ್ ಬಾರಿನಲ್ಲಿ ಅಬೌಟ್, ಕೋಲನ್, ಪ್ರೊಫೈಲ್ಸ್ ಅಂತ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಒಂದಕ್ಕಿಂತ ಹೆಚ್ಚು ಪ್ರೊಫೈಲು ಕಾಣಬಹುದು. 2019ರ ಮೇ ತಿಂಗಳಲ್ಲಿ ಬಂದ 67ನೇ ಆವೃತ್ತಿಯಿಂದ ಫೈರ್‌ಫಾಕ್ಸ್ ಪ್ರತಿ ಇನ್‌ಸ್ಟಾಲಿಗೂ ಬೇರೆ ಪ್ರೊಫೈಲ್ ಇಡುತ್ತದೆ, ಅದಕ್ಕೇ ಹೀಗೆ. ಈಗ ಬಳಕೆಯಲ್ಲಿರುವ ಪ್ರೊಫೈಲ್ ಇದು, ಅಳಿಸಲಾಗದು ಎಂಬ ಸಾಲು ಯಾವುದರ ಕೆಳಗಿದೆಯೋ ಅದೇ ನಿಮ್ಮದು. ಅದರಲ್ಲಿ ರೂಟ್ ಡೈರೆಕ್ಟರಿ ಅಂತ ಒಂದು ಸಾಲು ಇರುತ್ತದೆ, ಪಕ್ಕದಲ್ಲೇ ಓಪನ್ ಡೈರೆಕ್ಟರಿ ಬಟನ್. ಒತ್ತಿದರೆ ಫೋಲ್ಡರ್ ತೆರೆದುಕೊಳ್ಳುತ್ತದೆ. ಕೆಳಗೆ ಲೋಕಲ್ ಡೈರೆಕ್ಟರಿ ಅಂತ ಇನ್ನೊಂದಿದೆ, ಅದು ಕ್ಯಾಶ್, ಅಂದರೆ ಪುಟಗಳ ತಾತ್ಕಾಲಿಕ ಪ್ರತಿ ಇಡುವ ಜಾಗ. ಅಲ್ಲಿ ಹಾಕಿದರೆ ಪ್ರಯೋಜನ ಇಲ್ಲ.

ಈಗ ಫೈರ್‌ಫಾಕ್ಸ್ ಮುಚ್ಚಿ, ಯೂಸರ್.ಜೆಎಸ್ ಒಂದನ್ನೇ ಆ ಫೋಲ್ಡರಿಗೆ ಹಾಕಿ. ಫೈಲ್ಸ್ ಆಪಿನಲ್ಲೇ ಎಳೆದು ಹಾಕಿ. ಟರ್ಮಿನಲ್‌ನಲ್ಲಿ ಸುಡೊ (ಯಂತ್ರದ ಪೂರ್ತಿ ಅಧಿಕಾರದಲ್ಲಿ ಕೆಲಸ ಮಾಡಿಸುವ ಆಜ್ಞೆ) ಬಳಸಿ ಕಾಪಿ ಮಾಡಬೇಡಿ. ಹಾಗೆ ಮಾಡಿದರೆ ಫೈಲಿನ ಒಡೆತನ ರೂಟ್ ಬಳಕೆದಾರನಿಗೆ ಹೋಗುತ್ತದೆ, ಮುಂದೆ ತಿದ್ದಲು ಹೋದಾಗ ನಿಮಗೇ ಅನುಮತಿ ಸಿಗುವುದಿಲ್ಲ. ನಾನೊಮ್ಮೆ ಪರಿಚಯದವರ ಯಂತ್ರದಲ್ಲಿ ಇಡೀ ಪ್ರೊಫೈಲ್ ಫೋಲ್ಡರನ್ನೇ ಹೀಗೆ ಸುಡೊ ಹಾಕಿ ತಂದಿಟ್ಟಿದ್ದೆ. ಫೈರ್‌ಫಾಕ್ಸ್ ಅದಕ್ಕೆ ಬರೆಯಲಾಗದೆ ಶುರುವೇ ಆಗಲಿಲ್ಲ. ಕಾರಣ ಹುಡುಕಲು ಒಂದು ಸಂಜೆ ಹಿಡಿಯಿತು.

ಫೈಲು ಓದಿಸಿಕೊಂಡಿದೆಯೋ ಇಲ್ಲವೋ ಅಂತ ತಿಳಿಯಲು ನಾನು ಒಂದು ಉಪಾಯ ಮಾಡುತ್ತೇನೆ. ಯೂಸರ್.ಜೆಎಸ್‌ನ ಕಟ್ಟಕಡೆಯ ಸಾಲಾಗಿ ಎಲ್ಲೂ ಇಲ್ಲದ ಒಂದು ಸೆಟ್ಟಿಂಗ್ ಬರೆಯುತ್ತೇನೆ. ಉದಾಹರಣೆಗೆ ನನ್ನ.ಗುರುತು ಅನ್ನುವ ಹೆಸರು, ಬೆಲೆ 1, ಇಂಗ್ಲಿಷ್ ಅಕ್ಷರಗಳಲ್ಲಿ. ಫೈರ್‌ಫಾಕ್ಸ್ ತೆರೆದು ಅಬೌಟ್:ಕಾನ್ಫಿಗ್‌ಗೆ (ಎಲ್ಲ ಸೆಟ್ಟಿಂಗುಗಳ ಪಟ್ಟಿಯಿರುವ ಪುಟ) ಹೋಗಿ ಆ ಹೆಸರು ಹುಡುಕಿ. ಬೆಲೆ 1 ಅಂತ ತೋರಿಸಿದರೆ ಜಾಗ ಸರಿ, ಹೆಸರು ಸರಿ, ಫೈಲಿನ ಕೊನೆಯವರೆಗೂ ಓದಾಗಿದೆ. ತೋರಿಸದಿದ್ದರೆ ಮುಂದಿನದಕ್ಕೆ ಹೋಗಲೇಬೇಡಿ, ಇಲ್ಲೇ ನಿಂತು ಸರಿ ಮಾಡಿ. ಅಬೌಟ್:ಸಪೋರ್ಟ್ ಪುಟದಲ್ಲೂ ಯೂಸರ್.ಜೆಎಸ್ ಇದೆ ಅಂತ ಒಂದು ವಿಭಾಗ ಕಾಣಿಸಿಕೊಳ್ಳುತ್ತದೆ. ಆದರೆ ಫೈಲು ಇದೆ ಅನ್ನುವುದಷ್ಟೇ ಅದರಿಂದ ಗೊತ್ತಾಗುವುದು, ಒಳಗಿನ ಸಾಲುಗಳ ಲೆಕ್ಕ ಗೊತ್ತಾಗುವುದಿಲ್ಲ.

ಸಾಲುಗಳ ವಿಚಾರ ಬಂದಾಗ ನಿಮ್ಮ ಕಸುಬಿನವರಿಗೆ ಹೇಳಲೇಬೇಕಾದ ಒಂದು ಮಾತಿದೆ. ಈ ಫೈಲನ್ನು ಲಿಬ್ರೆಆಫೀಸ್ ರೈಟರಿನಲ್ಲಿ ತೆರೆದು ತಿದ್ದಬೇಡಿ. ಪುಸ್ತಕಕ್ಕೆ ಚೆಂದ ಕಾಣಲಿ ಅಂತ ರೈಟರ್ ನೆಟ್ಟಗಿನ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆ ಮಾಡಿಬಿಡುತ್ತದೆ. ಕರಡಿನಲ್ಲಿ ಅದು ಸರಿ, ಇಲ್ಲಿ ಆ ಸಾಲು ಅಲ್ಲಿಗೆ ಸತ್ತಂತೆ. ಉಬುಂಟುವಿನಲ್ಲಿ ಟೆಕ್ಸ್ಟ್ ಎಡಿಟರ್ ಅಂತಲೇ ಒಂದು ಆಪ್ ಇದೆ, ಅದರಲ್ಲಿ ತಿದ್ದಿ. ಪ್ರತಿ ಸಾಲಿನ ಕೊನೆಗೆ ಅರ್ಧವಿರಾಮ ಇದೆಯಾ ನೋಡಿ. ಟ್ರೂ, ಫಾಲ್ಸ್ ಮತ್ತು ಅಂಕಿಗಳಿಗೆ ಉದ್ಧರಣ ಚಿಹ್ನೆ ಬೇಡ. ಫಾಂಟಿನ ಹೆಸರಿನಂಥ ಪದಗಳಿಗೆ ಬೇಕು. ಕರಡಿನಲ್ಲಿ ಅಲ್ಪವಿರಾಮ ಹುಡುಕುವ ಕಣ್ಣಿಗೆ ಇದೇನೂ ಕಷ್ಟವಲ್ಲ.

ಎರಡನೆಯ ತಪ್ಪು ಹೆಸರಿನದು. ವಿಂಡೋಸ್‌ನಿಂದ ಲಿನಕ್ಸ್‌ಗೆ ಬಂದವರನ್ನು ಜಾಸ್ತಿ ಕಾಡುವುದು ಇದೇ ಅಂತ ನನಗನಿಸುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅಂತ ಇಲ್ಲ. ವಿಂಡೋಸ್ ಕೂಡ ಫೈಲು ಹುಡುಕುವಾಗ ಆ ಭೇದ ಮಾಡುವುದಿಲ್ಲ. ಲಿನಕ್ಸ್ ಮಾಡುತ್ತದೆ. ಅದರ ಲೆಕ್ಕದಲ್ಲಿ ದೊಡ್ಡ ಸಿ ಇರುವ ಕ್ರೋಮ್ ಒಂದು ಫೋಲ್ಡರ್, ಸಣ್ಣ ಸಿ ಇರುವ ಕ್ರೋಮ್ ಇನ್ನೊಂದು ಫೋಲ್ಡರ್. ನಿಮ್ಮ ಸ್ಕ್ರೀನ್‌ಶಾಟಿನಲ್ಲಿ ಸಿಎಸ್ಎಸ್ ಫೈಲುಗಳನ್ನಿಟ್ಟ ಕ್ರೋಮ್ ಫೋಲ್ಡರಿನ ಹೆಸರು ದೊಡ್ಡ ಸಿ ಇಂದ ಶುರುವಾಗಿದೆ. ಒಳಗಿನ ಯೂಸರ್‌ಕ್ರೋಮ್ ಪೂರ್ತಿ ಸಣ್ಣಕ್ಷರದಲ್ಲಿದೆ. ವಿಂಡೋಸ್‌ನಲ್ಲಿ ಎರಡೂ ನಡೆದುಹೋಗಿತ್ತು, ಅದಕ್ಕೇ ನಿಮಗೆ ಗೊತ್ತಾಗಿರಲಿಲ್ಲ. ಇರಬೇಕಾದದ್ದು ಇದಕ್ಕೆ ತದ್ವಿರುದ್ಧ. ಫೋಲ್ಡರಿನ ಹೆಸರು ಪೂರ್ತಿ ಸಣ್ಣಕ್ಷರ. ಯೂಸರ್‌ಕ್ರೋಮ್ ಫೈಲಿನಲ್ಲಿ ಯೂಸರ್ ಆದ ಮೇಲೆ ಬರುವ ಸಿ ಒಂದೇ ದೊಡ್ಡದು, ಉಳಿದದ್ದೆಲ್ಲ ಸಣ್ಣದು. ಯೂಸರ್‌ಕಂಟೆಂಟ್ ಫೈಲಿಗೂ ಹಾಗೇ. ಯೂಸರ್.ಜೆಎಸ್ ಪೂರ್ತಿ ಸಣ್ಣಕ್ಷರ.

ಇನ್ನೊಂದು ಗಮನಿಸಿ. ಯೂಸರ್.ಜೆಎಸ್ ಪ್ರೊಫೈಲ್ ಫೋಲ್ಡರಿನಲ್ಲೇ ನೇರವಾಗಿ ಇರಬೇಕು. ಸಿಎಸ್ಎಸ್ ಫೈಲುಗಳೆರಡು ಅದರೊಳಗಿನ ಕ್ರೋಮ್ ಫೋಲ್ಡರಿನಲ್ಲಿ ಇರಬೇಕು. ಆ ಫೋಲ್ಡರನ್ನು ನಾವೇ ಮಾಡಬೇಕು. ಈ ಕ್ರೋಮ್‌ಗೂ ಗೂಗಲ್‌ನ ಬ್ರೌಸರಿಗೂ ಸಂಬಂಧ ಇಲ್ಲ, ಬ್ರೌಸರಿನ ಹೊರಚೌಕಟ್ಟಿಗೆ ಮೊಜಿಲ್ಲಾದವರು ಹಿಂದಿನಿಂದಲೂ ಬಳಸುವ ಹೆಸರು ಅದು.

ಫೋಲ್ಡರ್, ಹೆಸರು ಎರಡೂ ಸರಿಯಾದರೂ ಸಿಎಸ್ಎಸ್ ಕೆಲಸ ಮಾಡಬೇಕಾದರೆ ಒಂದು ಸ್ವಿಚ್ ಹಾಕಿರಬೇಕು. 2019ರ ಸೆಪ್ಟೆಂಬರಿನಲ್ಲಿ ಬಂದ 69ನೇ ಆವೃತ್ತಿಯಿಂದ ಫೈರ್‌ಫಾಕ್ಸ್ ಈ ಎರಡು ಫೈಲುಗಳನ್ನು ತಾನಾಗಿ ಹುಡುಕುವುದನ್ನೇ ನಿಲ್ಲಿಸಿದೆ. ಎಲ್ಲರಿಗೂ ಬೇಡದ ಫೈಲು ಹುಡುಕುತ್ತಾ ಶುರುವಾಗುವುದು ತಡವಾಗಬಾರದು ಅಂತ. ಬೇಕಾದವರು ಟೂಲ್‌ಕಿಟ್.ಲೆಗಸಿಯೂಸರ್‌ಪ್ರೊಫೈಲ್‌ಕಸ್ಟಮೈಸೇಶನ್ಸ್.ಸ್ಟೈಲ್‌ಶೀಟ್ಸ್ ಎಂಬ ಸೆಟ್ಟಿಂಗನ್ನು ಟ್ರೂ ಮಾಡಬೇಕು. ಅಬೌಟ್:ಕಾನ್ಫಿಗ್‌ನಲ್ಲಿ ಲೆಗಸಿಯೂಸರ್ ಅಂತ ಹುಡುಕಿದರೆ ಸಾಕು, ಸಿಗುತ್ತದೆ. ನೀವು ವಿಂಡೋಸ್‌ನಲ್ಲಿ ಇದನ್ನು ಯೂಸರ್.ಜೆಎಸ್ ಒಳಗೇ ಬರೆದಿಟ್ಟಿರಬೇಕು. ಹಾಗಾದರೆ ಇಲ್ಲಿ ಏನಾಯಿತು ನೋಡಿ: ಯೂಸರ್.ಜೆಎಸ್ ತಪ್ಪು ಜಾಗದಲ್ಲಿತ್ತು, ಸ್ವಿಚ್ ಬೀಳಲಿಲ್ಲ. ಸಿಎಸ್ಎಸ್ ಒಂದನ್ನೇ ಸರಿ ಜಾಗಕ್ಕೆ ಹಾಕಿದ್ದರೂ ಏನೂ ಕಾಣುತ್ತಿರಲಿಲ್ಲ. ಯೂಸರ್.ಜೆಎಸ್ ಮೊದಲು ಸರಿಯಾಗಲಿ ಅಂತ ಹಟ ಹಿಡಿದದ್ದು ಇದಕ್ಕೇ.

ಯೂಸರ್‌ಕ್ರೋಮ್ ಓದಿಸಿಕೊಂಡಿದೆಯಾ ಅಂತ ನೋಡಲು ನಿಮ್ಮ ಹಳೇ ಫೈಲನ್ನು ಪಕ್ಕಕ್ಕಿಟ್ಟು, ಒಂದೇ ಸಾಲಿನ ಹೊಸ ಫೈಲು ಮಾಡಿ. ಎಲ್ಲ ಅಕ್ಷರವೂ ಕೆಂಪು ಬಣ್ಣಕ್ಕೆ ತಿರುಗಲಿ ಅಂತ, ನಕ್ಷತ್ರ ಚಿಹ್ನೆ ಹಾಕಿ ಬರೆಯುವ ಸಾಲು ನಿಮಗೆ ಗೊತ್ತಿರುತ್ತದೆ. ಇಂಪಾರ್ಟೆಂಟ್ ಸೇರಿಸಲು ಮರೆಯಬೇಡಿ. ಫೈರ್‌ಫಾಕ್ಸ್ ಪೂರ್ತಿ ಮುಚ್ಚಿ ತೆರೆಯಿರಿ. ಟ್ಯಾಬ್, ಮೆನು ಎಲ್ಲ ಕೆಂಪಾದರೆ ಗೆದ್ದಿರಿ. ಆಮೇಲೆ ಹಳೇ ಫೈಲನ್ನು ವಾಪಸು ತನ್ನಿ.

ಈಗ ಮೂರನೆಯದು. ಇದು ತಪ್ಪೇನಲ್ಲ, ವಿಂಡೋಸ್‌ಗೆ ಅಂತ ಬರೆದದ್ದು ಲಿನಕ್ಸ್‌ಗೆ ಹೊಂದುವುದಿಲ್ಲ, ಅಷ್ಟೇ. ನಿಮಗೆ ಹೆಚ್ಚು ಮುಖ್ಯವಾದ ಫಾಂಟಿನಿಂದಲೇ ಶುರು ಮಾಡೋಣ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಇರುವ ಫಾಂಟು ನಿರ್ಮಲಾ ಯುಐ, ಅದಕ್ಕೂ ಹಿಂದೆ ತುಂಗಾ. ನಿಮ್ಮ ಯೂಸರ್‌ಕಂಟೆಂಟ್ ಫೈಲಿನಲ್ಲಿ ಈ ಎರಡರಲ್ಲಿ ಒಂದು ಹೆಸರು ಇರಲೇಬೇಕು ಅಂತ ನನ್ನ ಊಹೆ. ಎರಡೂ ಮೈಕ್ರೋಸಾಫ್ಟ್‌ನವು, ಉಬುಂಟುವಿನಲ್ಲಿ ಬರುವುದಿಲ್ಲ. ಹೆಸರು ಸಿಗದಿದ್ದಾಗ ಫೈರ್‌ಫಾಕ್ಸ್ ಸುಮ್ನೆ ತನಗೆ ಸಿಕ್ಕ ಬೇರೆ ಕನ್ನಡ ಫಾಂಟ್ ಹಾಕಿಕೊಳ್ಳುತ್ತದೆ. ಓದಲು ಬರುತ್ತದೆ, ಆದರೆ ಅಳತೆ, ದಪ್ಪ, ಸಾಲಿನ ನಡುವಿನ ಜಾಗ ಎಲ್ಲ ಬೇರೆಯಾಗಿ ಕಾಣುತ್ತದೆ.

ಉಬುಂಟುವಿನ ಭಂಡಾರದಲ್ಲಿ ಕನ್ನಡಕ್ಕೆ ಒಳ್ಳೊಳ್ಳೆ ಮುಕ್ತ ಫಾಂಟುಗಳಿವೆ: ಲೋಹಿತ್ ಕನ್ನಡ, ಗುಬ್ಬಿ, ನವಿಲು, ನೋಟೊ ಸ್ಯಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ. ನಿಮ್ಮ ಯಂತ್ರದಲ್ಲಿ ಈಗಾಗಲೇ ಯಾವುದಿದೆ ಅಂತ ರೈಟರಿನ ಫಾಂಟ್ ಪಟ್ಟಿಯಲ್ಲಿ ನೋಡಬಹುದು. ದಿನಕ್ಕೆ ಎಂಟು ಗಂಟೆ ಪರದೆಯ ಮೇಲೆ ಓದುವವರಿಗೆ ನಾನಾದರೆ ನೋಟೊ ಸ್ಯಾನ್ಸ್ ಕನ್ನಡ ಕೊಡುತ್ತೇನೆ. ಗೆರೆಗಳ ದಪ್ಪ ಒಂದೇ ಸಮ ಇರುವುದರಿಂದ ಒತ್ತಕ್ಷರ ಬಿಡಿಸಿ ಕಾಣುತ್ತದೆ. ಬೇರೆಯವರ ಕಣ್ಣಿಗೆ ಬೇರೆ ಹಿತವಾಗಬಹುದು. ಯಾವುದನ್ನೇ ಆರಿಸಿ, ಮೊದಲು ರಾಷ್ಟ್ರ, ಸ್ವಾತಂತ್ರ್ಯ, ಅರ್ಘ್ಯ, ಕೃತ್ಸ್ನ ಅಂತ ನಾಲ್ಕು ಪದ ಟೈಪ್ ಮಾಡಿ ನೋಡಿ. ಕೆಳಗಿನ ಒತ್ತುಗಳು ಮುಂದಿನ ಸಾಲಿಗೆ ತಾಗಬಾರದು, ಅರ್ಕಾವೊತ್ತು ಪಕ್ಕದ ಅಕ್ಷರದ ಮೇಲೆ ಏರಬಾರದು. ಕರಡು ಓದುವಾಗ ಒಂದು ಒತ್ತು ಮರೆಯಾದರೂ ತಪ್ಪು ಕೈತಪ್ಪಿ ಹೋಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಫಾಂಟನ್ನು ಸಿಎಸ್ಎಸ್‌ನಲ್ಲಿ ಹೇರುವುದಕ್ಕಿಂತ ಯೂಸರ್.ಜೆಎಸ್‌ನಲ್ಲಿ ಹೇಳುವುದು ಮೇಲು. ಫೈರ್‌ಫಾಕ್ಸ್ ಪ್ರತಿ ಲಿಪಿಗೂ ಬೇರೆ ಸೆಟ್ಟಿಂಗ್ ಇಟ್ಟಿದೆ. ಕನ್ನಡದ ಗುರುತು ಎಕ್ಸ್-ಕೆಎನ್‌ಡಿಎ. ಫಾಂಟ್.ನೇಮ್.ಸ್ಯಾನ್ಸ್-ಸೆರಿಫ್.ಎಕ್ಸ್-ಕೆಎನ್‌ಡಿಎ ಅನ್ನುವುದಕ್ಕೆ ನೋಟೊ ಸ್ಯಾನ್ಸ್ ಕನ್ನಡ ಅಂತ ಕೊಡಿ, ಸೆರಿಫ್ ಅನ್ನುವುದಕ್ಕೂ ಹಾಗೇ ಒಂದು ಕೊಡಿ. ಫಾಂಟ್.ಮಿನಿಮಮ್-ಸೈಜ್.ಎಕ್ಸ್-ಕೆಎನ್‌ಡಿಎ ಅನ್ನುವುದಕ್ಕೆ 18 ಅಥವಾ 20 ಕೊಟ್ಟರೆ ಕನ್ನಡ ಅಕ್ಷರ ಅದಕ್ಕಿಂತ ಸಣ್ಣದಾಗುವುದಿಲ್ಲ. ಇಂಗ್ಲಿಷ್ ಪುಟಗಳು ಇದ್ದ ಹಾಗೇ ಇರುತ್ತವೆ. ಒಂದು ಮಿತಿ ಇದೆ: ಪುಟ ತನ್ನ ಭಾಷೆ ಕನ್ನಡ ಅಂತ ಹೇಳಿಕೊಂಡಿದ್ದರೆ ಮಾತ್ರ ಈ ಕನಿಷ್ಠ ಅಳತೆ ಅನ್ವಯಿಸುತ್ತದೆ. ಹಾಗೆ ಹೇಳಿಕೊಳ್ಳದ ಕನ್ನಡ ತಾಣಗಳು ಬೇಕಾದಷ್ಟಿವೆ, ಅದು ನನಗೆ ನಿಜಕ್ಕೂ ಬೇಸರದ ವಿಷಯ. ಅಂಥ ತಾಣಕ್ಕೆ ಯೂಸರ್‌ಕಂಟೆಂಟ್‌ನಲ್ಲಿ ಆ ತಾಣದ ಹೆಸರು ಹಾಕಿ ಬೇರೆ ನಿಯಮ ಬರೆಯಬೇಕು. ಇಲ್ಲವೇ ಕಂಟ್ರೋಲ್ ಜೊತೆ ಪ್ಲಸ್ ಒತ್ತಿ ಹಿಗ್ಗಿಸಿ, ಆ ತಾಣಕ್ಕೆ ಫೈರ್‌ಫಾಕ್ಸ್ ಅದನ್ನು ನೆನಪಿಟ್ಟುಕೊಳ್ಳುತ್ತದೆ.

ಫಾಂಟಿನಷ್ಟೇ ಮುಖ್ಯವಾದದ್ದು ಮೌಸಿನ ನಡುವಿನ ಗಾಲಿ. ವಿಂಡೋಸ್‌ನಲ್ಲಿ ಅದನ್ನು ಒತ್ತಿ ಬಿಟ್ಟು ಮೌಸನ್ನು ತುಸು ಸರಿಸಿದರೆ ಪುಟ ತಾನೇ ನಿಧಾನಕ್ಕೆ ಸರಿಯುತ್ತದೆ, ಉದ್ದನೆಯ ಕರಡು ಓದುವವರಿಗೆ ಅದು ದೊಡ್ಡ ಅನುಕೂಲ. ಲಿನಕ್ಸ್‌ನಲ್ಲಿ ಅದೇ ಗಾಲಿ ಒತ್ತಿದರೆ ನೀವು ಕೊನೆಗೆ ಸೆಲೆಕ್ಟ್ ಮಾಡಿದ ಪಠ್ಯ ಅಲ್ಲಿ ಪೇಸ್ಟ್ ಆಗುತ್ತದೆ. ಕಾಪಿ ಒತ್ತಿರಬೇಕು ಅಂತಲೂ ಇಲ್ಲ, ಸುಮ್ನೆ ಎಳೆದು ಗುರುತು ಮಾಡಿದ್ದರೆ ಸಾಕು. ಬ್ರೌಸರಿನಲ್ಲಿ ಕರಡು ತಿದ್ದುತ್ತಾ ಅಭ್ಯಾಸಬಲದಿಂದ ಗಾಲಿ ಒತ್ತಿದಿರಿ ಅನ್ನಿ, ಎಲ್ಲಿಯದೋ ಒಂದು ಪದ ಲೇಖಕರ ವಾಕ್ಯದ ನಡುವೆ ಸೇರಿಕೊಂಡಿರುತ್ತದೆ, ನಿಮಗೆ ಗೊತ್ತೂ ಆಗಿರುವುದಿಲ್ಲ. ದಯವಿಟ್ಟು ಇದನ್ನು ಇವತ್ತೇ ಸರಿ ಮಾಡಿಕೊಳ್ಳಿ. ಯೂಸರ್.ಜೆಎಸ್‌ನಲ್ಲಿ ಮಿಡಲ್‌ಮೌಸ್.ಪೇಸ್ಟ್ ಫಾಲ್ಸ್, ಜನರಲ್.ಆಟೋಸ್ಕ್ರೋಲ್ ಟ್ರೂ. ಎರಡನೆಯದರಲ್ಲಿ ಸ್ಕ್ರೋಲ್‌ನ ಎಸ್ ದೊಡ್ಡಕ್ಷರ, ಸೆಟ್ಟಿಂಗಿನ ಹೆಸರುಗಳಲ್ಲೂ ಆ ಭೇದ ಇದೆ.

ಯೂಸರ್‌ಕ್ರೋಮ್‌ನಲ್ಲಿ ಟ್ಯಾಬಿನ ಎತ್ತರವನ್ನು ಪಿಕ್ಸೆಲ್ ಲೆಕ್ಕದಲ್ಲಿ ಬರೆದಿದ್ದರೆ ಇಲ್ಲಿ ಎರಡು ಮೂರು ಪಿಕ್ಸೆಲ್ ಹೆಚ್ಚುಕಡಿಮೆ ಮಾಡಬೇಕಾಗಬಹುದು. ಕಿಟಕಿ ಮುಚ್ಚುವ, ಕುಗ್ಗಿಸುವ ಬಟನ್‌ಗಳಿಗೆ ಅಂತ ಬರೆದ ಸಾಲುಗಳನ್ನು ಸದ್ಯಕ್ಕೆ ತೆಗೆದುಬಿಡಿ, ಆ ಬಟನ್‌ಗಳ ವ್ಯವಸ್ಥೆಯೇ ಇಲ್ಲಿ ಬೇರೆ.

ಇನ್ನು ಇಡೀ ಪ್ರೊಫೈಲ್ ಕಾಪಿ ಮಾಡುವ ವಿಚಾರ. ಪ್ರೊಫೈಲ್ ಫೋಲ್ಡರಿನಲ್ಲಿ ಎರಡು ಬಗೆಯ ಫೈಲುಗಳಿವೆ: ನೀವು ಕೈಯಾರೆ ಬರೆದದ್ದು, ಫೈರ್‌ಫಾಕ್ಸ್ ತನಗಾಗಿ ಬರೆದುಕೊಂಡದ್ದು. ಎರಡನೆಯ ಬಗೆಯಲ್ಲಿ ಆ ಯಂತ್ರದ ವಿಳಾಸಗಳು ತುಂಬಿರುತ್ತವೆ. ಪ್ರೆಫ್ಸ್.ಜೆಎಸ್ ತೆರೆದರೆ ಡೌನ್‌ಲೋಡ್ ಫೋಲ್ಡರಿಗೆ ಸಿ ಡ್ರೈವಿನ ದಾರಿ ಬರೆದಿರುತ್ತದೆ, ಹಳೇ ಪ್ರಿಂಟರಿನ ಹೆಸರಿರುತ್ತದೆ. ಹ್ಯಾಂಡ್ಲರ್ಸ್.ಜೆಸನ್‌ನಲ್ಲಿ ಯಾವ ಫೈಲನ್ನು ಯಾವ ವಿಂಡೋಸ್ ಪ್ರೋಗ್ರಾಮಿನಲ್ಲಿ ತೆರೆಯಬೇಕು ಅಂತ ಇರುತ್ತದೆ. ಎಕ್ಸ್‌ಟೆನ್ಶನ್ಸ್.ಜೆಸನ್‌ನಲ್ಲಿ ಆಡ್‌ಆನ್‌ಗಳ ಪೂರ್ತಿ ದಾರಿ ಇರುತ್ತದೆ. ಇಲ್ಲಿ ಸಿ ಡ್ರೈವ್ ಎಂಬುದೇ ಇಲ್ಲ. ಸಾಲದ್ದಕ್ಕೆ, ವಿಂಡೋಸ್‌ನಲ್ಲಿದ್ದ ಫೈರ್‌ಫಾಕ್ಸ್ ಇಲ್ಲಿಯದಕ್ಕಿಂತ ಹೊಸದಾಗಿದ್ದರೆ ಆ ಪ್ರೊಫೈಲನ್ನು ತೆರೆಯಲು ಫೈರ್‌ಫಾಕ್ಸ್ ಒಪ್ಪುವುದಿಲ್ಲ.

ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳಿಗೆ ಮೊಜಿಲ್ಲಾ ಖಾತೆಯ ಸಿಂಕ್ ಬಳಸುವುದೇ ಸುಲಭ. ಆದರೆ ಸಿಂಕ್ ನಿಮ್ಮ ಮೂರು ಫೈಲುಗಳನ್ನು ತರುವುದಿಲ್ಲ, ಅವನ್ನು ಕೈಯಲ್ಲೇ ತರಬೇಕು. ಸಿಂಕ್ ಬೇಡವೆಂದರೆ, ಎರಡೂ ಕಡೆ ಫೈರ್‌ಫಾಕ್ಸ್ ಮುಚ್ಚಿದ್ದಾಗ ಪಾಸ್‌ವರ್ಡ್‌ಗಳಿಗೆ ಲಾಗಿನ್ಸ್.ಜೆಸನ್ ಮತ್ತು ಕೀ4.ಡಿಬಿ ಎರಡನ್ನೂ ಒಟ್ಟಿಗೆ ತನ್ನಿ. ಒಂದು ಬೀಗ, ಇನ್ನೊಂದು ಕೀಲಿಕೈ ಇದ್ದ ಹಾಗೆ, ಒಂದೇ ತಂದರೆ ಪಾಸ್‌ವರ್ಡ್ ತೆರೆಯುವುದಿಲ್ಲ. ನೀವು ಸ್ಪೆಲ್‌ಚೆಕ್ಕಿಗೆ ವರ್ಷಗಟ್ಟಲೆ ಸೇರಿಸಿದ ಪದಗಳು ಪರ್ಸ್‌ಡಿಕ್ಟ್.ಡ್ಯಾಟ್ ಎಂಬ ಫೈಲಿನಲ್ಲಿವೆ. ಅದನ್ನು ಖಂಡಿತ ತನ್ನಿ. ಸಾದಾ ಪಠ್ಯದ ಫೈಲು, ಯಾವ ಯಂತ್ರಕ್ಕಾದರೂ ಹೊಂದುತ್ತದೆ.

ಒಂದು ಮಾತು ತಿಳಿದಿರಲಿ. ಯೂಸರ್.ಜೆಎಸ್‌ನಲ್ಲಿ ಬರೆದದ್ದನ್ನು ಫೈರ್‌ಫಾಕ್ಸ್ ಪ್ರತಿ ಸಲ ಶುರುವಾಗುವಾಗ ಓದಿ ಪ್ರೆಫ್ಸ್.ಜೆಎಸ್‌ಗೆ ಬರೆದುಕೊಳ್ಳುತ್ತದೆ. ಹಾಗಾಗಿ ಮುಂದೆ ಯಾವುದೋ ಸಾಲು ಬೇಡ ಅಂತ ಯೂಸರ್.ಜೆಎಸ್‌ನಿಂದ ಅಳಿಸಿದರೂ ಅದರ ಪರಿಣಾಮ ಉಳಿದೇ ಇರುತ್ತದೆ. ಸಾಲು ಅಳಿಸಿ, ಆಮೇಲೆ ಅಬೌಟ್:ಕಾನ್ಫಿಗ್‌ನಲ್ಲಿ ಆ ಹೆಸರಿನ ಪಕ್ಕದ ರಿಸೆಟ್ ಬಾಣವನ್ನೂ ಒತ್ತಬೇಕು. ಇನ್ನೊಂದು ಕಡೆಯಿಂದ ಅಬೌಟ್:ಕಾನ್ಫಿಗ್‌ನಲ್ಲಿ ಮಾತ್ರ ಬದಲಿಸಿ, ಯೂಸರ್.ಜೆಎಸ್‌ನಲ್ಲಿ ಹಳೇ ಸಾಲು ಬಿಟ್ಟರೆ, ಮರುದಿನ ಹಳೆಯದೇ ವಾಪಸು ಬರುತ್ತದೆ.

ನಿಮ್ಮ ಮಗ ಈ ಫೈಲುಗಳನ್ನು ಬೇರೊಂದು ಫೋಲ್ಡರಿನಲ್ಲಿಟ್ಟು ಪ್ರೊಫೈಲಿಗೆ ಸಿಂಬಾಲಿಕ್ ಲಿಂಕ್ (ಬೇರೆಡೆ ಇರುವ ಫೈಲನ್ನು ತೋರಿಸುವ ಕೊಂಡಿ) ಮಾಡೋಣ ಅಂತ ಹೇಳಬಹುದು. ಒಳ್ಳೆಯ ಯೋಚನೆಯೇ, ಆದರೆ ಒಂದು ಎಚ್ಚರಿಕೆ ಹೇಳಿ. ಸ್ನ್ಯಾಪ್ ಫೈರ್‌ಫಾಕ್ಸ್‌ಗೆ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ಫೋಲ್ಡರುಗಳನ್ನು ನೋಡಲು ಸಾಮಾನ್ಯವಾಗಿ ಅನುಮತಿ ಇಲ್ಲ. ಅಂಥ ಫೋಲ್ಡರಿನಲ್ಲಿ ಫೈಲಿಟ್ಟು ಲಿಂಕ್ ಮಾಡಿದರೆ ಫೈಲ್ಸ್ ಆಪಿನಲ್ಲಿ ಎಲ್ಲ ಸರಿ ಕಾಣುತ್ತದೆ, ಫೈರ್‌ಫಾಕ್ಸ್ ಮಾತ್ರ ಓದುವುದಿಲ್ಲ. ಡಾಕ್ಯುಮೆಂಟ್ಸ್ ಒಳಗೆ ಇಡಿ. ನಿಮ್ಮ ಒಂದೇ ಯಂತ್ರಕ್ಕಾದರೆ ಲಿಂಕಿನ ಗೊಡವೆಯೇ ಬೇಡ, ನೇರ ಕಾಪಿ ಸಾಕು, ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇರಲಿ.

ಇಷ್ಟು ಮಾಡಿಯೂ ನಿಂತರೆ ಎರಡು ವಿಷಯ ಬರೆದು ಕಳಿಸಿ: ಅಬೌಟ್:ಪ್ರೊಫೈಲ್ಸ್‌ನಲ್ಲಿ ರೂಟ್ ಡೈರೆಕ್ಟರಿ ಏನು ತೋರಿಸುತ್ತದೆ, ಮತ್ತು ಗುರುತಿಗೆ ಹಾಕಿದ ಕೊನೆಯ ಸಾಲು ಅಬೌಟ್:ಕಾನ್ಫಿಗ್‌ನಲ್ಲಿ ಸಿಕ್ಕಿತೋ ಇಲ್ಲವೋ. ಯೂಸರ್‌ಕಂಟೆಂಟ್ ಫೈಲನ್ನೂ ಜೊತೆಗಿಡಿ, ಫಾಂಟಿನ ಸಾಲುಗಳನ್ನು ನಾನೇ ನೋಡಿ ಹೇಳುತ್ತೇನೆ. ಲಾಗಿನ್ಸ್.ಜೆಸನ್ ಮತ್ತು ಕೀ4.ಡಿಬಿ ಮಾತ್ರ ಯಾರಿಗೂ ಕಳಿಸಬೇಡಿ, ನನಗೂ ಬೇಡ.